ಹೆಲಿಕಾಪ್ಟರ್ ನೋಡಲು ಬಂದ ಜನ

"ಅವರೆಲ್ಲ ಹೆಲಿಕಾಪ್ಟರ್ ನೋಡೋಕೆ ಬಂದ ಜನ ಕಣ್ರೀ, ಓಟು ಹಾಕೋರಲ್ಲ." ಪ್ರತಿ ಚುನಾವಣೆಯಲ್ಲಿಯೂ ಒಂದು ಪಕ್ಷದ ಸಭೆಗೆ ಜನ ಕಿಕ್ಕಿರಿದಾಗ ಎದುರು ಪಕ್ಷದವರು ಆಡುವ ಮಾತಿದು. ಪಟ್ಟಣದಲ್ಲಿ ನಾಲ್ಕಕ್ಷರ ಕಲಿತವರೂ ಇದನ್ನೇ ನಗುತ್ತ ಹೇಳುತ್ತಾರೆ. ಹಳ್ಳಿಯ ಜನ ಆಕಾಶದಲ್ಲಿ ಸದ್ದಾದರೆ ಹೊಲ ಬಿಟ್ಟು ಓಡುತ್ತಾರೆ, ಬಾಯಿ ಬಿಟ್ಟುಕೊಂಡು ನಿಲ್ಲುತ್ತಾರೆ ಎಂಬ ತಾತ್ಸಾರ ಆ ಮಾತಿನಲ್ಲಿದೆ. ಈ ತಾತ್ಸಾರವನ್ನು ನಾನು ಒಪ್ಪುವುದಿಲ್ಲ. ಏಕೆ ಒಪ್ಪುವುದಿಲ್ಲ ಎಂಬುದನ್ನು ಇಂದು ನಿಮ್ಮೊಡನೆ ಸ್ವಲ್ಪ ವಿಸ್ತಾರವಾಗಿಯೇ ಹಂಚಿಕೊಳ್ಳಬೇಕೆನಿಸಿದೆ.

ಈ ವಿಚಾರ ಮನಸ್ಸಿಗೆ ಬರಲು ಕಾರಣ, ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳುಹಿಸಿದ ಕೆಲವು ಛಾಯಾಚಿತ್ರಗಳು. ಅಲ್ಲಿನ ಚೆಲ್ಟನ್‌ಹ್ಯಾಮ್ ಎಂಬ ಪಟ್ಟಣದಲ್ಲಿ ಪ್ರತಿ ಮಾರ್ಚ್ ತಿಂಗಳಲ್ಲಿ ನಾಲ್ಕು ದಿನಗಳ ಕುದುರೆ ಪಂದ್ಯ ನಡೆಯುತ್ತದೆ. ಕುದುರೆಗಳು ಬೇಲಿಗಳನ್ನು ನೆಗೆಯುತ್ತ ಓಡುವ ಪಂದ್ಯ. ಕಡೆಯ ದಿನ 'ಗೋಲ್ಡ್ ಕಪ್'. ಸಿರಿವಂತರು ಇಂಗ್ಲೆಂಡಿನ ನಾನಾ ಊರುಗಳಿಂದ, ಐರ್ಲೆಂಡಿನಿಂದಲೂ, ಹೆಲಿಕಾಪ್ಟರುಗಳಲ್ಲಿ ಬಂದು ಪಂದ್ಯದ ಬಯಲಿನಲ್ಲೇ ಇಳಿಯುತ್ತಾರೆ. ವಿಶೇಷವೆಂದರೆ, ಕುದುರೆಯ ಮೇಲೆ ಒಂದು ಕಾಸನ್ನೂ ಕಟ್ಟದೆ, ಹೆಲಿಕಾಪ್ಟರುಗಳನ್ನು ನೋಡುವುದಕ್ಕಾಗಿಯೇ ಬರುವವರೂ ಅಲ್ಲಿದ್ದಾರೆ. ದೊಡ್ಡ ಲೆನ್ಸಿನ ಕ್ಯಾಮೆರಾ, ದುರ್ಬೀನು, ಜೇಬಿನಲ್ಲೊಂದು ಪುಟ್ಟ ಪುಸ್ತಕ. ಇಳಿಯುವ ಪ್ರತಿಯೊಂದರ ಬಾಲದ ಮೇಲಿನ ಅಕ್ಷರಗಳನ್ನು ಬರೆದುಕೊಳ್ಳುತ್ತಾರೆ. 'ಜಿ' ಎಂದು ಆರಂಭವಾದರೆ ಬ್ರಿಟನ್ನಿನದು, 'ಇಐ' ಎಂದಿದ್ದರೆ ಐರ್ಲೆಂಡಿನದು. ಯಾವ ಕಂಪನಿ ಕಟ್ಟಿದ್ದು, ಯಾವ ಮಾದರಿ, ಹಿಂದೆ ಎಲ್ಲಿ ಕಂಡಿತ್ತು ಎಂದೆಲ್ಲ ಆಮೇಲೆ ಕುಳಿತು ತಾಳೆ ನೋಡುತ್ತಾರೆ. ಅವರನ್ನು ನೋಡಿ ಅಲ್ಲಿ ಯಾರೂ "ಹೆಲಿಕಾಪ್ಟರ್ ನೋಡೋಕೆ ಬಂದ ಜನ" ಎಂದು ನಗುವುದಿಲ್ಲ. ಅದು ಅಲ್ಲಿ ಅಂಚೆಚೀಟಿ ಸಂಗ್ರಹದಂತೆ ಮರ್ಯಾದಸ್ಥ ಹವ್ಯಾಸ!

ಅದೇ ಕೆಲಸವನ್ನು ಮಾಗಡಿಯ ಹುಡುಗ ಮಾಡಿದರೆ ಮಾತ್ರ ಅಜ್ಞಾನವೇ?

ನಮ್ಮ ಸೀಮೆಗೂ ಕುದುರೆಗೂ ನಂಟಿಲ್ಲವೆಂದಲ್ಲ. ಮಾಗಡಿಯಿಂದ ಆಚೆ ಹೋದರೆ ಕುಣಿಗಲ್. ಟಿಪ್ಪುವಿನ ಕಾಲದಿಂದ ಕುದುರೆಗಳನ್ನು ಸಾಕಿದ ಫಾರಂ ಅಲ್ಲಿನದು. ಬೆಂಗಳೂರಿನ ಡರ್ಬಿಯಲ್ಲಿ ಓಡಿದ ಎಷ್ಟೋ ಕುದುರೆಗಳು ಹುಟ್ಟಿದ್ದು ಅಲ್ಲಿ. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಕುದುರೆಯಂತೂ ನಿಮ್ಮಲ್ಲಿ ಹಲವರ ಮನೆಯ ಷೋಕೇಸಿನಲ್ಲಿದೆ. ಆದರೆ ನಮ್ಮಲ್ಲಿ ಹೆಲಿಕಾಪ್ಟರುಗಳು ಸಾಲುಗಟ್ಟಿ ಬರುವುದು ಬೇರೊಂದು ಪಂದ್ಯಕ್ಕೆ. ಅದು ಚುನಾವಣೆ. (ಅದು ಮುಗಿದ ಮೇಲೆ ಕುದುರೆ ವ್ಯಾಪಾರವೆಂಬ ಮಾತೂ ಕೇಳಿಬರುತ್ತದೆ, ಅದು ಇರಲಿ.) ರಾಮಕೃಷ್ಣ ಹೆಗಡೆಯವರು 1983ರ ಉಪಚುನಾವಣೆಯಲ್ಲಿ ಕನಕಪುರದಿಂದ ಗೆದ್ದರು. ದೇವೇಗೌಡರು 1994ರಲ್ಲಿ ರಾಮನಗರದಿಂದ ಗೆದ್ದು ಮುಖ್ಯಮಂತ್ರಿಯಾದರು, 1996ರಲ್ಲಿ ಪ್ರಧಾನಿಯಾದರು. ಕುಮಾರಸ್ವಾಮಿಯವರು 2006ರಲ್ಲಿ ರಾಮನಗರದ ಶಾಸಕರಾಗಿ, 2018ರಲ್ಲಿ ಚನ್ನಪಟ್ಟಣವನ್ನು ಉಳಿಸಿಕೊಂಡು ಮುಖ್ಯಮಂತ್ರಿಗಳಾದರು. 2023ರ ಏಪ್ರಿಲ್ 30ರಂದು ಪ್ರಧಾನಿ ಮೋದಿಯವರು ಚನ್ನಪಟ್ಟಣದಲ್ಲಿ ಪ್ರಚಾರ ಭಾಷಣ ಮಾಡಿದರು. 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರು ಬದಲಾಯಿಸಿಕೊಂಡ ನಮ್ಮ ಜಿಲ್ಲೆ (ನನ್ನ ನಾಲಿಗೆಗೆ ಇನ್ನೂ ರಾಮನಗರವೇ) ಇಂತಹ ಪಂದ್ಯಗಳಿಗೆ ಹೆಸರಾದ ಕಣ.

1994ರ ನವೆಂಬರಿನಲ್ಲಿ ನಾನು ಪಾಠ ಮಾಡುತ್ತಿದ್ದ ಶಾಲೆಯ ಮೈದಾನದಲ್ಲಿ ಒಂದು ಹೆಲಿಕಾಪ್ಟರ್ ಇಳಿಯಿತು. ನಿಮ್ಮಲ್ಲಿ ಕೆಲವರಿಗೆ ಖಂಡಿತ ನೆನಪಿರುತ್ತದೆ. ಹಿಂದಿನ ದಿನವೇ ಸುಣ್ಣದ ಪುಡಿಯಲ್ಲಿ ದೊಡ್ಡ ವೃತ್ತ ಬರೆದು ನಡುವೆ 'ಎಚ್' ಅಕ್ಷರ ಬಿಡಿಸಿದ್ದರು. ಧೂಳು ಏಳದಂತೆ ಟ್ಯಾಂಕರಿನಲ್ಲಿ ನೀರು ಹೊಡೆದಿದ್ದರು. ಒಂದು ಮೂಲೆಯಲ್ಲಿ ಹಸಿ ಸೊಪ್ಪಿಗೆ ಬೆಂಕಿಯಿಟ್ಟು ಹೊಗೆ ಎಬ್ಬಿಸಿದಾಗ "ಇದೇಕೆ ಹೊಗೆ?" ಎಂದು ಎಂಟನೆಯ ತರಗತಿಯ ಮಕ್ಕಳು ಕೇಳಿದರು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೆಂದು ಪೈಲಟ್‌ಗೆ ಮೇಲಿನಿಂದ ತಿಳಿಯಲಿ ಎಂದು. ಗಾಳಿಗೆ ಎದುರಾಗಿ ಇಳಿಯುವುದು ಸುರಕ್ಷಿತ. ಇಷ್ಟು ಹೇಳುವಷ್ಟರಲ್ಲಿ ಸದ್ದು ಬಂತು, ತರಗತಿ ಖಾಲಿಯಾಯಿತು.

ಮರುದಿನ ಮಕ್ಕಳಿಗೆ ಹತ್ತು ಸಾಲು ಬರೆಯಲು ಹೇಳಿದೆ. ಬಂದ ನಾಯಕರ ಬಗ್ಗೆ ಬರೆದವರು ಮೂರೋ ನಾಲ್ಕೋ ಮಂದಿ. ಉಳಿದವರೆಲ್ಲ ಬರೆದದ್ದು ಹೆಲಿಕಾಪ್ಟರಿನ ಬಗ್ಗೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ವರ್ಷವಿಡೀ ಬಾಯಿ ತೆರೆಯದಿದ್ದವಳು, ಎದ್ದು ನಿಂತು ಕೇಳಿದಳು: "ಸಾರ್, ಮೇಲಿನ ಪಂಖ ಒಂದು ಕಡೆ ಅಷ್ಟು ಜೋರಾಗಿ ಸುತ್ತುವಾಗ ಕೆಳಗಿನ ಡಬ್ಬ ಇನ್ನೊಂದು ಕಡೆಗೆ ಯಾಕೆ ಸುತ್ತೋದಿಲ್ಲ?"

ನ್ಯೂಟನ್ನನ ಮೂರನೆಯ ನಿಯಮವನ್ನು ನಾನು ಎಷ್ಟೋ ವರ್ಷ ಕಪ್ಪು ಹಲಗೆಯ ಮೇಲೆ ಬರೆದಿದ್ದೆ. ಅದನ್ನು ಪ್ರಶ್ನೆಯಾಗಿ ಒಂದು ಮಗುವಿನ ಬಾಯಿಂದ ಕೇಳಿದ್ದು ಅದೇ ಮೊದಲು. ಶಾಲೆಯ ಹಿಂದಿನ ಹುಣಸೆಮರದ ಕೊಂಬೆಗೆ ಒಂಟಿ ಹಗ್ಗದಲ್ಲಿ ಹಳೆಯ ಟೈರನ್ನು ತೂಗುಹಾಕಿದೆವು. ಹುಡುಗನೊಬ್ಬನನ್ನು ಅದರ ಮೇಲೆ ಕೂರಿಸಿ ಕೈಗೆ ಒನಕೆ ಕೊಟ್ಟು ಅಡ್ಡಲಾಗಿ ಬೀಸಲು ಹೇಳಿದೆವು. ಒನಕೆ ಬಲಕ್ಕೆ ಹೋದರೆ ಟೈರು ಎಡಕ್ಕೆ! ಹಾಗೆ ತಿರುಗದಂತೆ ಇನ್ನೊಬ್ಬ ಅವನ ಕಾಲನ್ನು ಪಕ್ಕಕ್ಕೆ ತಳ್ಳಿ ಹಿಡಿದ. "ಆ ತಳ್ಳುವ ಕೆಲಸವನ್ನೇ ಬಾಲದ ತುದಿಯ ಪುಟ್ಟ ಪಂಖ ಮಾಡುತ್ತದೆ" ಎಂದೆ. ಅಂದಿನ ರಾಜಕೀಯ ಭಾಷಣದ ಒಂದು ಮಾತೂ ಇಂದು ಯಾರಿಗೂ ನೆನಪಿರಲಾರದು. ಟೈರು ಮಾತ್ರ ನಿಮಗೆ ನೆನಪಿದೆ ಎಂದು ಬಲ್ಲೆ, ಏಕೆಂದರೆ ಸಿಕ್ಕಾಗಲೆಲ್ಲ ನೀವೇ ಹೇಳುತ್ತೀರಿ.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟೆ: ನೋಡಲು ಬಂದವರನ್ನು ಗದರಬೇಡಿ, ನೋಡುವುದನ್ನು ಕಲಿಸಿ. ನಮ್ಮ ದೇಶದ ನಾಗರಿಕ ಹೆಲಿಕಾಪ್ಟರಿನ ಮೇಲೆ 'ವಿಟಿ' ಎಂದು ಬರೆದು ಮುಂದೆ ಮೂರು ಅಕ್ಷರಗಳಿರುತ್ತವೆ. ಬ್ರಿಟಿಷರ ಕಾಲದಲ್ಲಿ ಬಂದ ಗುರುತು ಅದು. ಫ್ರೆಂಚ್ ವಿನ್ಯಾಸದವುಗಳ ಪಂಖ, ಮೇಲಿನಿಂದ ನೋಡಿದರೆ, ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ; ನಮ್ಮ ಎಚ್‌ಎಎಲ್ ದಶಕಗಳ ಕಾಲ ಕಟ್ಟಿದ ಚೇತಕ್ ಸಹ ಫ್ರೆಂಚ್ ವಿನ್ಯಾಸದ್ದೇ. ಅಮೆರಿಕದ ಬೆಲ್ ಕಂಪನಿಯವುಗಳದು ಅದಕ್ಕೆ ವಿರುದ್ಧ. ಕೆಳಗೆ ನಿಂತು ನೋಡುವವರಿಗೆ ಎರಡೂ ತಿರುವುಮುರುವಾಗಿ ಕಾಣುತ್ತವೆ, ಎಚ್ಚರ! ಮೊಬೈಲಿನಲ್ಲಿ ತೆಗೆದ ಚಿತ್ರದಲ್ಲಿ ಪಂಖದ ಅಲಗುಗಳು ಕುಡುಗೋಲಿನಂತೆ ಬಾಗಿ ಕಾಣುವುದನ್ನು ನೀವೂ ನೋಡಿರಬಹುದು. ಮೊಬೈಲ್ ಕ್ಯಾಮೆರಾ ಇಡೀ ದೃಶ್ಯವನ್ನು ಒಮ್ಮೆಲೇ ಹಿಡಿಯದೆ ಸಾಲುಸಾಲಾಗಿ ಓದುತ್ತದೆ; ಒಂದು ಸಾಲಿನಿಂದ ಮುಂದಿನ ಸಾಲಿಗೆ ಹೋಗುವಷ್ಟರಲ್ಲಿ ಅಲಗು ಮುಂದೆ ಸರಿದಿರುತ್ತದೆ. ಇನ್ನು ದೊಡ್ಡ ಕ್ಯಾಮೆರಾದವರು ಷಟರ್ ವೇಗವನ್ನು ಬಹಳ ಹೆಚ್ಚಿಸಿದರೆ ಅಲಗುಗಳು ಸ್ತಬ್ಧವಾಗಿ, ಹೆಲಿಕಾಪ್ಟರ್ ದಾರಕ್ಕೆ ಕಟ್ಟಿ ತೂಗುಹಾಕಿದ ಆಟಿಕೆಯಂತೆ ಕಾಣುತ್ತದೆ. ವೇಗ ತಗ್ಗಿಸಿ, ಕೈ ಅಲುಗದೆ ತೆಗೆದರೆ ಸುತ್ತುವ ಚಕ್ರ ಮಸುಕಾಗಿ ಮೂಡಿ ಚಿತ್ರಕ್ಕೆ ಜೀವ ಬರುತ್ತದೆ. ಚೆಲ್ಟನ್‌ಹ್ಯಾಮಿನ ಚಿತ್ರಗಳ ಸೊಗಸಿನ ಗುಟ್ಟು ಅದೇ ಎಂದು ನನ್ನ ಶಿಷ್ಯ ಬರೆದಿದ್ದ.

ಇದೆಲ್ಲ ನಮಗೆ ದೂರದ ವಿದ್ಯೆಯೂ ಅಲ್ಲ. ಧ್ರುವ್ ಹೆಲಿಕಾಪ್ಟರ್ ಮೊದಲು ಹಾರಿದ್ದು 1992ರಲ್ಲಿ, ಬೆಂಗಳೂರಿನಲ್ಲೇ. 1996ರಿಂದ ಯಲಹಂಕದಲ್ಲಿ ಏರೋ ಇಂಡಿಯಾ ನಡೆಯುತ್ತಿದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆಯೇ ಉದ್ಘಾಟನೆಯಾಯಿತು. ಅಲ್ಲಿ ಕೆಲಸಕ್ಕೆ ಅರ್ಜಿ ಹಾಕಬೇಕಾದ ಮಕ್ಕಳನ್ನು ಬೇಲಿಯ ಬಳಿಯಿಂದ ಲಾಠಿ ತೋರಿಸಿ ಓಡಿಸುತ್ತೇವಲ್ಲ!

ಹಾಗೆಂದು ಶಾಲೆಯ ಮೈದಾನದಲ್ಲಿ ಹೆಲಿಕಾಪ್ಟರ್ ಇಳಿಯಲಿ ಎಂದು ನಾನು ಹೇಳುತ್ತಿಲ್ಲ. ಆ 1994ರಲ್ಲಿ, ಇಳಿಯುವ ದಾರಿಗೆ ಅಡ್ಡವೆಂದು ಮಕ್ಕಳೇ ನೆಟ್ಟು ಎರಡು ಬೇಸಿಗೆ ನೀರು ಹೊತ್ತು ಬೆಳೆಸಿದ್ದ ಹೊಂಗೆಯ ಸಸಿಗಳನ್ನು ಕಿತ್ತುಹಾಕಿದರು. ಇಳಿಯುವಾಗಿನ ಗಾಳಿಗೆ ಬಿಸಿಯೂಟವಿಲ್ಲದ ಆ ಕಾಲದಲ್ಲಿ ಮಕ್ಕಳು ಮರದಡಿ ಸಾಲಾಗಿ ಇಟ್ಟಿದ್ದ ಬುತ್ತಿಗಳು ಮಣ್ಣುಪಾಲಾದವು. ಮತ್ತೆ ಸಸಿ ತಂದುಕೊಡುತ್ತೇವೆ ಎಂದವರು ಯಾರೂ ತಿರುಗಿ ಬರಲಿಲ್ಲ. ಚುನಾವಣೆಯ ಮಾದರಿ ನೀತಿ ಸಂಹಿತೆಯಲ್ಲಿ ಹೆಲಿಪ್ಯಾಡಿನ ಪ್ರಸ್ತಾಪವಿದೆ: ಮೈದಾನಗಳನ್ನೂ ಹೆಲಿಪ್ಯಾಡುಗಳನ್ನೂ ಆಡಳಿತ ಪಕ್ಷವೊಂದೇ ಹಿಡಿದಿಟ್ಟುಕೊಳ್ಳಬಾರದು, ಬೇರೆ ಪಕ್ಷಗಳಿಗೂ ಅದೇ ಷರತ್ತಿನ ಮೇಲೆ ಕೊಡಬೇಕು. ಒಳ್ಳೆಯ ನಿಯಮವೇ. ಆದರೆ ಪಕ್ಷಗಳ ನಡುವಿನ ನ್ಯಾಯ ಅದು. ಮೈದಾನದ ನಿಜವಾದ ಒಡೆಯರು ಏಳರಿಂದ ಹದಿನೈದು ವಯಸ್ಸಿನವರು, ಅವರಿಗೆ ಓಟಿಲ್ಲ. (ಚುನಾವಣಾ ಕರ್ತವ್ಯದಲ್ಲಿ ನಾನು ಕಂಡ ಒಂದು ತಮಾಷೆ: 'ಫ್ಲೈಯಿಂಗ್ ಸ್ಕ್ವಾಡ್' ಎಂಬ ಹೆಸರಿನವರು ಜೀಪಿನಲ್ಲಿ ಧೂಳು ಕುಡಿಯುತ್ತ ಬರುತ್ತಾರೆ, ಹಾರಿ ಬರುವವರು ಬೇರೆಯವರು!)

ಇನ್ನೊಂದು ಸಂಗತಿಯನ್ನು ಬರೆಯದೆ ಬಿಡಲಾರೆ. ಬರೆಯಲು ಕೈ ಬರುವುದಿಲ್ಲ, ಆದರೂ.

2016ರ ನವೆಂಬರ್ 7. ಮಾಗಡಿ ತಾಲ್ಲೂಕಿನ ತಿಪ್ಪಗೊಂಡನಹಳ್ಳಿ ಜಲಾಶಯ. 'ಮಾಸ್ತಿಗುಡಿ' ಚಿತ್ರದ ಕೊನೆಯ ಸಾಹಸ ದೃಶ್ಯ. ಹೆಲಿಕಾಪ್ಟರಿನಿಂದ ನಾಯಕನಟ ವಿಜಯ್ ಮತ್ತು ಖಳನಟರಾದ ಅನಿಲ್, ಉದಯ್ ನೀರಿಗೆ ಹಾರಿದರು. ವಿಜಯ್ ಬದುಕಿ ಬಂದರು. ಅನಿಲ್ ಮತ್ತು ಉದಯ್ ಕ್ಯಾಮೆರಾಗಳ ಎದುರಿಗೇ ಮುಳುಗಿದರು. ಇಬ್ಬರಿಗೂ ಜೀವರಕ್ಷಕ ಜಾಕೆಟ್ ಇರಲಿಲ್ಲ. ಅವರ ದೇಹಗಳು ದೊರೆಯಲು ದಿನಗಳೇ ಹಿಡಿದವು. ಸುದ್ದಿವಾಹಿನಿಗಳು ಆ ದೃಶ್ಯವನ್ನು ಇಡೀ ದಿನ ತಿರುಗಿಸಿ ತಿರುಗಿಸಿ ತೋರಿಸಿದವು. ನನ್ನ ಮನೆಯಲ್ಲಿ ಟಿವಿ ಆರಿಸಿದರೂ ಪಕ್ಕದ ಮನೆಯದು ಕೇಳುತ್ತಿತ್ತು.

ಅಲ್ಲಿ ಸೇರಿದ್ದವರೂ ಹೆಲಿಕಾಪ್ಟರ್ ನೋಡಲು ಬಂದ ಜನವೇ ಎಂದು ಕೆಲವರು ಆಗ ಬರೆದರು. ನಾನು ಹಾಗೆ ಹೇಳಲಾರೆ. ದಡದಲ್ಲಿ ಕ್ಯಾಮೆರಾಗಳಿಗೆ ಬರವಿರಲಿಲ್ಲ, ಯಾವ ಕೋನದಿಂದ ಚಿತ್ರ ಹೇಗೆ ಬರುತ್ತದೆಂದು ಲೆಕ್ಕ ಹಾಕಿದವರಿಗೂ ಬರವಿರಲಿಲ್ಲ. ಈಜು ಬರುತ್ತದೆಯೇ, ದೋಣಿ ಎಷ್ಟು ದೂರದಲ್ಲಿದೆ, ಮುಳುಗಿದವನನ್ನು ಎಷ್ಟು ನಿಮಿಷದಲ್ಲಿ ಮೇಲೆತ್ತಬಹುದು ಎಂಬುದನ್ನು ನೋಡಬೇಕಾಗಿದ್ದ ಕಣ್ಣುಗಳು ಇರಲಿಲ್ಲ. ಚೆಲ್ಟನ್‌ಹ್ಯಾಮಿನ ಹವ್ಯಾಸಿಗೆ ಚಿತ್ರ ಮುಖ್ಯವಲ್ಲ, ಹೆಲಿಕಾಪ್ಟರ್ ಮುಖ್ಯ. ಅದು ಹೇಗೆ ಇಳಿಯುತ್ತದೆ, ಯಾವುದರಿಂದ ಅದಕ್ಕೆ ಅಪಾಯ ಎಂಬುದೂ ಅವನಿಗೆ ಗೊತ್ತು. ಅಂದು ತಿಪ್ಪಗೊಂಡನಹಳ್ಳಿಯಲ್ಲಿ ಚಿತ್ರವೊಂದೇ ಮುಖ್ಯವಾಗಿತ್ತು.

ಅಪಾಯದ ವಿಷಯ ಬಂದದ್ದರಿಂದ, ಶಿಕ್ಷಕರಾಗಿರುವ ನನ್ನ ಶಿಷ್ಯರು ತಮ್ಮ ಮಕ್ಕಳಿಗೆ ಹೇಳಲೇಬೇಕಾದ ಎರಡು ಮೂರು ಮಾತುಗಳಿವೆ. ಬಾಲದ ಪಂಖ ಸುತ್ತುವಾಗ ಕಣ್ಣಿಗೆ ಕಾಣಿಸುವುದೇ ಇಲ್ಲ; ಹಿಂದಿನಿಂದ ಯಾರೂ ಹತ್ತಿರ ಸುಳಿಯಬಾರದು. ಟೋಪಿ, ಟವಲು, ಪ್ಲಾಸ್ಟಿಕ್ ಚೀಲ ಗಾಳಿಗೆ ಹಾರಬಾರದು. 2023ರ ಮಾರ್ಚ್ 6ರಂದು ಕಲಬುರಗಿ ಜಿಲ್ಲೆಯ ಜೇವರ್ಗಿಯಲ್ಲಿ ಯಡಿಯೂರಪ್ಪನವರ ಹೆಲಿಕಾಪ್ಟರ್ ಇಳಿಯುವ ಹೊತ್ತಿಗೆ ಮೈದಾನದ ಪ್ಲಾಸ್ಟಿಕ್ ಹಾಳೆಗಳೆಲ್ಲ ಮೇಲೆದ್ದು, ಪೈಲಟ್ ಇಳಿಸದೆ ಮತ್ತೆ ಮೇಲೇರಿಸಬೇಕಾಯಿತು. ಮೈದಾನ ಸ್ವಚ್ಛ ಮಾಡಿದ ಮೇಲೆಯೇ ಇಳಿದದ್ದು.

ಎರಡು ತಿಂಗಳೂ ಆಗಿರಲಿಲ್ಲ, ಮೇ 2ರಂದು ಕನಕಪುರದ ಶಾಸಕರೂ ಆಗ ಕೆಪಿಸಿಸಿ ಅಧ್ಯಕ್ಷರೂ ಆಗಿದ್ದ ಡಿ.ಕೆ. ಶಿವಕುಮಾರ್ ಅವರು ಜಕ್ಕೂರಿನಿಂದ ಮುಳಬಾಗಿಲಿಗೆ ಹೊರಟಿದ್ದಾಗ ಹೊಸಕೋಟೆಯ ಬಳಿ ಹದ್ದೊಂದು ಬಡಿದು ಹೆಲಿಕಾಪ್ಟರಿನ ಮುಂದಿನ ಗಾಜು ಒಡೆಯಿತು. ಎಚ್‌ಎಎಲ್ ನಿಲ್ದಾಣದಲ್ಲಿ ತುರ್ತಾಗಿ ಇಳಿಸಿದರು. ಒಂದು ಹದ್ದಿಗೇ ಹೀಗಾದರೆ, ಹಕ್ಕಿಯ ಗತಿಯನ್ನೂ ಹೆಲಿಕಾಪ್ಟರಿನ ಗತಿಯನ್ನೂ ರಾಮದೇವರ ಬೆಟ್ಟದ ಪಕ್ಕದಲ್ಲಿ ಊಹಿಸಿಕೊಳ್ಳಿ. ಆ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಿದ್ದಾರೆ. ಬಂಡೆಯ ಸೀಳಿನಲ್ಲಿ ಗೂಡು ಕಟ್ಟುವ ಉದ್ದಕೊಕ್ಕಿನ ರಣಹದ್ದುಗಳು ಬೆರಳೆಣಿಕೆಗೆ ಬಂದಿವೆ, ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಮುಂದಿನ ವಿಧಾನಸಭಾ ಚುನಾವಣೆ 2028ರಲ್ಲಿ ಬರಬೇಕು. ಅಷ್ಟರೊಳಗೆ ಪಟ್ಟಣಕ್ಕೆ ಹತ್ತಿರ, ಶಾಲೆಗೂ ಬೆಟ್ಟಕ್ಕೂ ದೂರವಾದ ಒಂದು ಬಯಲನ್ನು ಹೆಲಿಪ್ಯಾಡಿಗೆಂದು ಗೊತ್ತುಮಾಡಿ, ಬೇಲಿಯ ಹೊರಗೆ ಜನ ನಿಂತು ನೋಡಲು ಒಂದಿಷ್ಟು ನೆರಳಿನ ಜಾಗ ಬಿಡಿ ಎಂದು ಜಿಲ್ಲಾಡಳಿತಕ್ಕೆ ಒಂದು ಮನವಿ ಬರೆದಿಟ್ಟಿದ್ದೇನೆ. ಸಹಿ ಹಾಕುವವರು ಬರುವ ಭಾನುವಾರ ಮನೆಗೆ ಬನ್ನಿ. ಬೆಳಗಿನ ಹೊತ್ತಾದರೆ ಒಳ್ಳೆಯದು, ಮಧ್ಯಾಹ್ನ ನಾನು ಮಲಗುತ್ತೇನೆ.