ಗೋಡೆಯೊಳಗೆ ಹೋಗುವುದು ಚೀಟಿಯಲ್ಲೂ ಇರಲಿ

ಹೋದ ಚಳಿಗಾಲದ ಒಂದು ಬೆಳಿಗ್ಗೆ ನಮ್ಮಮ್ಮ ಬಚ್ಚಲುಮನೆಯಿಂದ ಕೂಗಿದರು: "ಏನೋ ಸುಟ್ಟ ವಾಸನೆ ಬರ್ತಾ ಇದೆ, ಬಂದು ನೋಡೇ." ಓಡಿಹೋಗಿ ಗೀಸರಿನ ಸ್ವಿಚ್ ಆರಿಸಲು ಕೈ ಚಾಚಿದೆ. ಸಾಕೆಟ್ಟಿನ ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ, ಒಂದು ಮೂಲೆ ಕರಗಿ ಇಳಿದಿತ್ತು. ಕೈ ಹಿಂದಕ್ಕೆಳೆದುಕೊಂಡು, ಹಜಾರಕ್ಕೆ ಬಂದು ಮೇನ್ ಆಫ್ ಮಾಡಿದೆ. ಅಮ್ಮನಿಗೆ ಎಪ್ಪತ್ತೆಂಟು ವರ್ಷ. ನೆಲ ಒದ್ದೆ, ಕೈ ಒದ್ದೆ, ಕಾಲಲ್ಲಿ ಚಪ್ಪಲಿ ಇಲ್ಲ.

ಆ ಗೀಸರಿಗೆ ಲೈನ್ ಎಳೆಸಿ ಎಂಟು ತಿಂಗಳಾಗಿತ್ತಷ್ಟೆ. ಎಳೆಸಿದವಳು ನಾನು. ಮೂವರನ್ನು ಕೇಳಿ, ಎಲ್ಲರಿಗಿಂತ ಕಡಿಮೆ ಹೇಳಿದವರಿಗೆ ಕೆಲಸ ಕೊಟ್ಟಿದ್ದೆ. ಅದರಲ್ಲೂ ಚೌಕಾಸಿ ಮಾಡಿ ಇನ್ನೂರು ರೂಪಾಯಿ ಇಳಿಸಿದ್ದೆ.

ನಮ್ಮ ರಸ್ತೆಯಲ್ಲಿ ಮೂವತ್ತು ವರ್ಷ ವೈರ್‌ಮನ್ ಕೆಲಸ ಮಾಡಿ ಈಗ ವಿಶ್ರಾಂತಿಯಲ್ಲಿರುವ ಹಿರಿಯರೊಬ್ಬರಿದ್ದಾರೆ. ಅವರನ್ನು ಕರೆದು ತೋರಿಸಿದೆ. ಬೋರ್ಡ್ ಬಿಚ್ಚಿ ನೋಡಿದವರೇ ಒಂದು ಕ್ಷಣ ಸುಮ್ಮನಾದರು. "ಅಮ್ಮಾ, ಇದು ಲೈಟಿಗೆ ಹಾಕೋ ವೈರು. ಇದರಲ್ಲಿ ಗೀಸರ್ ಓಡಿಸಿದ್ದಾರೆ. ಅರ್ಥ್ ವೈರಂತೂ ಎಳೆದೇ ಇಲ್ಲ" ಎಂದರು. ಮೂರು ಪಿನ್ನಿನ ಸಾಕೆಟ್ಟು, ಒಳಗೆ ಎರಡೇ ವೈರು. ಮೇಲಿನ ದೊಡ್ಡ ತೂತಿನ ಹಿಂದೆ ಏನೂ ಇರಲಿಲ್ಲ.

ನಮ್ಮದು 3 ಕಿಲೋವ್ಯಾಟಿನ ಇನ್‌ಸ್ಟಂಟ್ ಗೀಸರ್. 230 ವೋಲ್ಟಿನಲ್ಲಿ ಅದು ಸುಮಾರು 13 ಆಂಪಿಯರ್ ಎಳೆಯುತ್ತದೆ. ಅಂಥದ್ದಕ್ಕೆ ಡಿಬಿಯಿಂದ, ಅಂದರೆ ಮನೆಗೆಲ್ಲ ಲೈನ್ ಹಂಚುವ ಪೆಟ್ಟಿಗೆಯಿಂದ, ನೇರವಾಗಿ ಪ್ರತ್ಯೇಕ ಲೈನ್ ಬರಬೇಕು. ತಾಮ್ರದ ವೈರು 2.5 ಸ್ಕ್ವೇರ್ ಎಂಎಂಗೆ ಕಡಿಮೆ ಇರಬಾರದು, 4 ಹಾಕಿದರೆ ಇನ್ನೂ ನಿಶ್ಚಿಂತೆ. ನಮ್ಮಲ್ಲಿ ಬಚ್ಚಲಿನ ಲೈಟಿನ ಬೋರ್ಡಿನಿಂದಲೇ 1 ಸ್ಕ್ವೇರ್ ಎಂಎಂ ವೈರು ಜೋಡಿಸಿ ಮುಗಿಸಿದ್ದರು. ಮೊದಲ ವಾರ ಸ್ನಾನದ ಮಧ್ಯೆ ಎಂಸಿಬಿ ಬೀಳುತ್ತಿತ್ತು. ಫೋನ್ ಮಾಡಿದೆ. ಅವರು ಬಂದು 6 ಆಂಪಿಯರ್ ಎಂಸಿಬಿ ತೆಗೆದು 32ರದ್ದು ಕೂರಿಸಿ ಹೋದರು. ಟ್ರಿಪ್ ಆಗುವುದು ನಿಂತಿತು. ಸದ್ಯ, ಸರಿಹೋಯಿತು ಎಂದುಕೊಂಡೆ.

ದಯವಿಟ್ಟು ಇಲ್ಲಿ ಒಂದು ಗಳಿಗೆ ನಿಲ್ಲಿ. ಈ ತಪ್ಪು ಎಷ್ಟು ಮನೆಗಳಲ್ಲಿ ನಡೆದಿದೆಯೋ! ಎಂಸಿಬಿ ಇರುವುದು ಗೋಡೆಯೊಳಗಿನ ವೈರನ್ನು ಕಾಯಲು. ವೈರು ತಡೆಯಲಾರದಷ್ಟು ಕರೆಂಟ್ ಹರಿದಾಗ ಅದು ಬೀಳಲೇಬೇಕು. ಬೀಳುತ್ತಿದೆ ಎಂದರೆ "ಇಲ್ಲೇನೋ ತಪ್ಪಿದೆ" ಎಂದು ಹೇಳುತ್ತಿದೆ ಎಂದರ್ಥ. ವೈರು ಅಷ್ಟೇ ಇದ್ದು ಎಂಸಿಬಿಯನ್ನು ಮಾತ್ರ ದೊಡ್ಡದು ಮಾಡಿದರೆ, ಕಳ್ಳ ಬಂದಾಗ ಬೊಗಳುವ ನಾಯಿಯ ಬಾಯಿ ಕಟ್ಟಿದಂತೆ. ನಿಮ್ಮ ಮನೆಯಲ್ಲೂ ಹೀಗೆ ಯಾರಾದರೂ ದೊಡ್ಡ ಎಂಸಿಬಿ ಹಾಕಿ ಹೋಗಿದ್ದರೆ, ಹಿಂದಿನ ವೈರು ಯಾವುದೆಂದು ತಿಳಿದವರಿಂದ ನೋಡಿಸಿ.

ಮೂರು ಕೊಟೇಶನ್ ತಗೊಳ್ಳಿ ಎಂದು ಎಲ್ಲರೂ ಬುದ್ಧಿ ಹೇಳುತ್ತಾರೆ. ನಾನೂ ತೆಗೆದುಕೊಂಡಿದ್ದೆ, ಫೋನಿನಲ್ಲಿ, ಬಾಯಿಮಾತಿನಲ್ಲಿ. ಒಬ್ಬರು ಎರಡು ಸಾವಿರ ಎಂದರು, ಒಬ್ಬರು ಐದೂವರೆ, ಇನ್ನೊಬ್ಬರು ಒಂಬತ್ತು. ಒಂಬತ್ತು ಹೇಳಿದವರು ಸುಲಿಗೆ ಮಾಡುತ್ತಿದ್ದಾರೆಂದು ಮನಸ್ಸಿನಲ್ಲೇ ಬೈದುಕೊಂಡೆ. ಸಾಕೆಟ್ ಕರಗಿದ ಮೇಲೆ ಆ ಇಬ್ಬರನ್ನೂ ಮತ್ತೆ ಕೇಳಿದೆ. ಐದೂವರೆ ಸಾವಿರದವರು ಡಿಬಿಯಿಂದ ಹೊಸ ಲೈನನ್ನು ಗೋಡೆಯ ಮೇಲೆ ಪಟ್ಟಿ ಹೊಡೆದು ತರುವ ಲೆಕ್ಕ ಹೇಳಿದ್ದರು. ಒಂಬತ್ತು ಸಾವಿರದವರ ಲೆಕ್ಕದಲ್ಲಿ ಗೋಡೆ ಕೊರೆದು ಪೈಪ್ ಹೂತು ಗಿಲಾವು ಮಾಡುವುದೂ, ಡಿಬಿಯಲ್ಲಿ ಷಾಕಿನಿಂದ ಕಾಯುವ ಆರ್‌ಸಿಸಿಬಿ ಕೂರಿಸುವುದೂ ಸೇರಿತ್ತು. ಮೂರೂ ಬೇರೆ ಬೇರೆ ಕೆಲಸಗಳ ಬೆಲೆಗಳು. ನಾನು ಹೋಲಿಸಿದ್ದು ಬರೀ ಅಂಕಿಗಳನ್ನು.

ಆದ್ದರಿಂದ ಬೆಲೆ ಕೇಳುವ ಮೊದಲು ಕೆಲಸವನ್ನು ಒಂದು ಚೀಟಿಯಲ್ಲಿ ಬರೆಯಿರಿ. ಯಾವ ಉಪಕರಣ, ಎಷ್ಟು ವ್ಯಾಟ್, ಡಿಬಿಯಿಂದ ಎಷ್ಟು ದೂರ, ಗೋಡೆಯ ಮೇಲೋ ಒಳಗೋ. ಅದೇ ಚೀಟಿಯನ್ನು ಮೂವರಿಗೂ ತೋರಿಸಿ, ಅಥವಾ ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸಿ. ಉತ್ತರವನ್ನೂ ಬರಹದಲ್ಲೇ ಕೇಳಿ. ಅದರಲ್ಲಿ ವೈರಿನ ಕಂಪನಿ, ಅಳತೆ, ಎಷ್ಟು ಮೀಟರ್, ಎಂಸಿಬಿ ಎಷ್ಟು ಆಂಪಿಯರ್, ಅರ್ಥ್ ವೈರು ಸೇರಿದೆಯೇ, ಕೊರೆದ ಗೋಡೆ ಮುಚ್ಚುವವರು ಯಾರು ಎಂಬುದಿರಲಿ. ಸಾಮಾನಿನ ಲೆಕ್ಕ ಬೇರೆ, ಕೂಲಿ ಬೇರೆ. ನಾಲ್ಕು ಸಾಲು ಸಾಕು. ಗೋಡೆಯೊಳಗೆ ಹೋಗುವುದು ನಮ್ಮ ಕಣ್ಣಿಗೆ ಮತ್ತೆಂದೂ ಬೀಳುವುದಿಲ್ಲ, ಚೀಟಿಯಲ್ಲಾದರೂ ಉಳಿಯಲಿ. ಬರೆದುಕೊಡಲು ಒಲ್ಲೆನೆನ್ನುವವರಿಗೆ ಕೆಲಸ ಕೊಡಬೇಡಿ. ಅವರು ಎಷ್ಟೇ ಕಡಿಮೆ ಹೇಳಿದರೂ ಈ ಮಾತಿನಲ್ಲಿ ನಾನು ರಾಜಿಯಾಗಲಾರೆ.

ಸಾಮಾನನ್ನು ಯಾರು ತರಬೇಕು? ಇಲ್ಲಿ ಎಲ್ಲರಿಗೂ ಗೊತ್ತಿದ್ದರೂ ಯಾರೂ ಬಾಯಿಬಿಡದ ಮಾತೊಂದಿದೆ. ಎಷ್ಟೋ ಎಲೆಕ್ಟ್ರಿಕಲ್ ಅಂಗಡಿಗಳು ಗಿರಾಕಿ ಕರೆತಂದ ಎಲೆಕ್ಟ್ರಿಶಿಯನ್ನರಿಗೆ ಕಮಿಷನ್ ಕೊಡುತ್ತವೆ. ಅದನ್ನು ಬರೀ ಮೋಸವೆಂದು ನೋಡಿದರೆ ಅರ್ಧ ಮಾತ್ರ ನೋಡಿದಂತಾಗುತ್ತದೆ. ಕೂಲಿಯಲ್ಲಿ ನಾವು ಹಿಂಡುತ್ತೇವೆ, ಅವರು ಸಾಮಾನಿನಲ್ಲಿ ಹೊಂದಿಸಿಕೊಳ್ಳುತ್ತಾರೆ. ಕೊನೆಗೆ ಸೋಲುವುದು ಗೋಡೆಯೊಳಗಿನ ವೈರು. ಕೂಲಿಯನ್ನು ಮರ್ಯಾದೆಯಾಗಿ ಒಪ್ಪಿ. ಸಾಮಾನಿಗೆ ನಿಮ್ಮ ಹೆಸರಿನಲ್ಲಿ ಜಿಎಸ್‌ಟಿ ಬಿಲ್ ಕೇಳಿ. ಅವರ ಜೊತೆ ನೀವೇ ಅಂಗಡಿಗೆ ಹೋಗುವುದು ಇನ್ನೂ ಒಳ್ಳೆಯದು. ವೈರಿನ ಮೇಲೆ ಐಎಸ್‌ಐ ಗುರುತೂ ಐಎಸ್ 694 ಎಂಬ ಸಂಖ್ಯೆಯೂ ಇದೆಯೇ ನೋಡಿ. ಬೆಂಗಳೂರಿನವರಿಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆ, ಎಸ್.ಪಿ. ರಸ್ತೆ ಇವೆ, ಉಳಿದ ಊರುಗಳಲ್ಲೂ ಬಿಲ್ ಕೊಡುವ ಅಂಗಡಿಗೆ ಬರವಿಲ್ಲ.

ಕೆಲಸಗಾರರ ಪರವಾಗಿಯೂ ಎರಡು ಮಾತು ಹೇಳಬೇಕು. ಒಂದು ಸ್ವಿಚ್ ಬದಲಿಸಲು ಯಾರೂ ಬರುವುದಿಲ್ಲ ಎಂಬ ದೂರು ಮನೆಮನೆಯಲ್ಲಿದೆ. ಬರುವವರ ಕಡೆಯಿಂದ ನೋಡಿ: ಹತ್ತು ನಿಮಿಷದ ಕೆಲಸಕ್ಕೆ ಊರಿನ ಆ ತುದಿಯಿಂದ ಬರಬೇಕು, ನೋಡಿದ ಮೇಲೆ ಸಾಮಾನಿಗೆ ಅಂಗಡಿಗೆ ಹೋಗಿಬರಬೇಕು, ಅರ್ಧ ದಿನ ಹೋಯಿತು. ಕೊನೆಗೆ ನಾವು ಕೈಗಿಡುವುದು ನೂರು ರೂಪಾಯಿ, "ಇಷ್ಟಕ್ಕೇನಪ್ಪಾ" ಎಂಬ ಮಾತಿನ ಜೊತೆಗೆ. ಚಿಕ್ಕ ಕೆಲಸಗಳನ್ನು ಕೂಡಿಡಿ. ಸದ್ದು ಮಾಡುವ ಫ್ಯಾನು, ಸಡಿಲವಾದ ಪ್ಲಗ್ಗು, ಉರಿಯದ ಗೇಟಿನ ದೀಪ, ಎಲ್ಲವನ್ನೂ ಒಂದೇ ದಿನಕ್ಕೆ ಹೇಳಿ. ಪಕ್ಕದ ಮನೆಯವರನ್ನೂ ಕೇಳಿ, ಅವರದ್ದೂ ಇದ್ದರೆ ಸೇರಿಸಿ. ಬಂದು ನೋಡಿ ಹೇಳುವುದಕ್ಕೂ ಒಂದು ದರವಿದೆ ಎಂದು ಒಪ್ಪಿಕೊಳ್ಳಿ; ಕೆಲಸ ಕೊಟ್ಟರೂ ಬಿಟ್ಟರೂ ಅದನ್ನು ಕೊಡಿ. ಕೆಲಸ ಮುಗಿದ ದಿನವೇ ದುಡ್ಡು ಸಲ್ಲಲಿ, ನಾಳೆ ಬಾ ಎನ್ನಬೇಡಿ. ಹೀಗೆ ನಡೆದುಕೊಳ್ಳುವ ಮನೆಗೆ ಒಳ್ಳೆಯ ಕೆಲಸಗಾರರು ಮತ್ತೆ ಬರುತ್ತಾರೆ. ಇದು ನಾನು ತಡವಾಗಿ ಕಲಿತದ್ದು.

ಸುಡುವುದು ಕಣ್ಣಿಗಾದರೂ ಕಾಣುತ್ತದೆ, ಷಾಕ್ ಹಾಗಲ್ಲ. ಆರ್‌ಸಿಸಿಬಿಗೆ ಎರಡು ಸಾವಿರ ಯಾಕೆ ದಂಡ ಎಂದು ನನಗೂ ಅನ್ನಿಸಿತ್ತು. ಎಂಸಿಬಿ ಮನುಷ್ಯರನ್ನು ಕಾಯುವುದಿಲ್ಲ. ಹತ್ತಾರು ಮಿಲಿಆಂಪಿಯರ್ ಮೈಯಲ್ಲಿ ಹರಿದರೆ ಜೀವ ಹೋಗಬಹುದು, 6 ಆಂಪಿಯರಿನ ಎಂಸಿಬಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಕರೆಂಟ್ ಸೋರಿದ್ದನ್ನು ಅರಿತು ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಡಿಯುತ್ತದೆ. ನಮ್ಮ ದೇಶದಲ್ಲಿ ವಿದ್ಯುದಾಘಾತದಿಂದ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿಗಳು ಹೇಳುತ್ತವೆ. ಇದನ್ನು ತಿಳಿದ ಮೇಲೆ ಅದು ದಂಡ ಅನ್ನಿಸಲಿಲ್ಲ. ಆರ್‌ಸಿಸಿಬಿಯ ಮೇಲೊಂದು ಟೆಸ್ಟ್ ಬಟನ್ ಇರುತ್ತದೆ, ತಿಂಗಳಿಗೊಮ್ಮೆ ಒತ್ತಿ ನೋಡಿ. ಒತ್ತಿದೊಡನೆ ಬೀಳಬೇಕು.

ಇನ್ನು ಪರ್ಮಿಟ್. ಬಲ್ಬು, ಫ್ಯೂಸು, ಸ್ವಿಚ್ಚು ಬದಲಿಸುವಂಥ ಸಣ್ಣಪುಟ್ಟವನ್ನು ಬಿಟ್ಟು, ಹೊಸ ಲೈನ್ ಎಳೆಯುವ ಕೆಲಸವನ್ನು ಲೈಸೆನ್ಸ್ ಇರುವ ವಿದ್ಯುತ್ ಗುತ್ತಿಗೆದಾರರೇ ಮಾಡಬೇಕೆಂದು ಕಾನೂನಿದೆ. ನಮ್ಮ ರಾಜ್ಯದಲ್ಲಿ ಗುತ್ತಿಗೆದಾರರ ಲೈಸೆನ್ಸನ್ನೂ ವೈರ್‌ಮನ್ ಪರ್ಮಿಟ್ಟನ್ನೂ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಪರ್ಮಿಟ್ ಇಲ್ಲದೆಯೂ ನಿಪುಣರಾದವರನ್ನು ನಾನು ಬಲ್ಲೆ. ಆದರೆ ಯಾರು ನಿಪುಣರು, ಯಾರು ಅಲ್ಲ ಎಂದು ನಮಗೆ, ನಿಮಗೆ ಹೇಗೆ ತಿಳಿಯಬೇಕು? ಕೇಳುವುದರಲ್ಲಿ ಅವಮಾನವೇನಿಲ್ಲ. "ಅಣ್ಣಾ, ಪರ್ಮಿಟ್ ಇದೆಯಾ, ಒಂದು ಸಲ ತೋರಿಸ್ತೀರಾ?" ಎಂದರೆ ಇರುವವರು ಹೆಮ್ಮೆಯಿಂದಲೇ ತೋರಿಸುತ್ತಾರೆ. ಐಟಿಐಯಲ್ಲಿ ಎರಡು ವರ್ಷ ಎಲೆಕ್ಟ್ರಿಶಿಯನ್ ಟ್ರೇಡ್ ಓದಿದ ಹುಡುಗರೂ ಬೇಕಾದಷ್ಟಿದ್ದಾರೆ. ಎಲ್ಲರೂ ಕೇಳತೊಡಗಿದರೆ ಅವರೂ ಪರ್ಮಿಟ್ ಮಾಡಿಸಿಕೊಳ್ಳುತ್ತಾರೆ.

ಎರಡನೆಯ ಸಲ ಆ ಐದೂವರೆ ಸಾವಿರದವರಿಂದಲೇ ಮಾಡಿಸಿದೆ, ಆರ್‌ಸಿಸಿಬಿಯ ದುಡ್ಡು ಬೇರೆ ಕೊಟ್ಟೆ. ಚೀಟಿ ಬರೆದುಕೊಟ್ಟರು. ಮೂರು ವೈರುಗಳೂ ಪೆಟ್ಟಿಗೆಯೊಳಗೆ ಬಂದ ಮೇಲೆ, ಮುಚ್ಚುವ ಮುಂಚೆ, ಅವರೇ ಕರೆದು ತೋರಿಸಿ, "ಫೋಟೊ ಹೊಡ್ಕೊಳ್ಳಿ ಮೇಡಂ, ಮುಂದೆ ಬೇಕಾಗುತ್ತೆ" ಎಂದರು. ಗೀಸರನ್ನು ಕಾಲು ಗಂಟೆ ಓಡಿಸಿ, ಪ್ಲಗ್ಗು ಬಿಸಿಯೇರುತ್ತಿಲ್ಲವೆಂದು ನೋಡಿದ ಮೇಲಷ್ಟೇ ದುಡ್ಡು ತೆಗೆದುಕೊಂಡರು. ಅಷ್ಟನ್ನೂ ಮಾಡಲು ಅವರಿಗೆ ಹಿಡಿದದ್ದು ಒಂದು ಮಧ್ಯಾಹ್ನ. ಮೊದಲ ಸಲ ನಾನು ಉಳಿಸಿದ್ದೆನೆಂದುಕೊಂಡ ಹಣದಲ್ಲಿ ಹೊಸ ಸಾಕೆಟ್ಟು, ಎರಡನೆಯ ಕೂಲಿ ಎಲ್ಲ ಸೇರಿ ಏನೂ ಉಳಿಯಲಿಲ್ಲ.

ಕೆಲಸ ಕೆಟ್ಟು, ಮಾಡಿದವರು ಫೋನೇ ಎತ್ತದಿದ್ದರೆ 1915ಕ್ಕೆ ಕರೆ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ಆಗ ಕೈಯಲ್ಲಿ ಬಿಲ್ಲು, ಚೀಟಿ, ಫೋಟೊ ಇರಬೇಕು. ಮೊದಲ ಸಲ ನನ್ನ ಬಳಿ ಇವು ಯಾವುವೂ ಇರಲಿಲ್ಲ.

ಇದನ್ನು ಓದುತ್ತಿರುವವರಲ್ಲಿ ನನ್ನದೊಂದು ಕೋರಿಕೆ. ಇವತ್ತು ಸಂಜೆಯೊಳಗೆ ನಿಮ್ಮ ಬಚ್ಚಲಿನ ಗೀಸರ್ ಸಾಕೆಟ್ಟನ್ನು ಬೆಳಕು ಹಿಡಿದು ನೋಡಿ, ಮುಟ್ಟಬೇಡಿ. ಅಂಚು ಕಂದಿದ್ದರೆ, ಕರಗಿದ್ದರೆ, ಸುಟ್ಟ ವಾಸನೆ ಬಂದರೆ ಮೇನ್ ಆಫ್ ಮಾಡಿ. ಬಲ್ಲವರು ಬಂದು ಬಿಚ್ಚಿ ನೋಡುವವರೆಗೆ ಒಲೆಯ ಮೇಲೆ ನೀರು ಕಾಯಿಸಿಕೊಳ್ಳಿ.