ಗೆದ್ದವರಿಗೂ ಎದುರಾಳಿ ಬೇಕು

ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವಿನ ರ‍್ಯಾಲಿಗಳಲ್ಲಿ ಮಾರ್ಷಲ್ ಆಗಿ ನಿಲ್ಲುವ ನನಗೆ ದುಬೈನ ಮೊಹಮ್ಮದ್ ಬೆನ್ ಸುಲಾಯೆಮ್ ಮೇಲೆ ಅಪಾರ ಗೌರವ. ಮಧ್ಯಪ್ರಾಚ್ಯ ರ‍್ಯಾಲಿ ಚಾಂಪಿಯನ್ ಪಟ್ಟವನ್ನು 14 ಸಲ ಗೆದ್ದವರು ಅವರು. 2021ರ ಡಿಸೆಂಬರ್‌ನಲ್ಲಿ ವಿಶ್ವ ಮೋಟಾರು ಕ್ರೀಡೆಯನ್ನು ಆಳುವ ಎಫ್‌ಐಎ ಅಧ್ಯಕ್ಷರಾದರು. ಯುರೋಪಿನ ಹೊರಗಿನವರೊಬ್ಬರು ಆ ಕುರ್ಚಿ ಏರಿದ್ದು ಅದೇ ಮೊದಲು. ನಮ್ಮಂಥವರಿಗೆ ಅದು ಹೆಮ್ಮೆಯ ದಿನ.

ಆದರೆ ಅಧಿಕಾರದಲ್ಲಿ ಅವರ ನಡೆ ನನಗೆ ಬೇಸರ ತಂದಿದೆ. 2025ರ ಫೆಬ್ರುವರಿಯಲ್ಲಿ ಸ್ವೀಡನ್ ರ‍್ಯಾಲಿಯಲ್ಲಿ ಚಾಲಕ ಆದ್ರಿಯಾಂ ಫೂರ್ಮೊ ಆಡಿದ ಒಂದು ಒರಟು ಮಾತಿಗೆ 10,000 ಯುರೊ ದಂಡ ಬಿತ್ತು. ಹಿಮದಲ್ಲಿ ಪ್ರಾಣ ಪಣಕ್ಕಿಟ್ಟು ಓಡಿಸಿ ಬಂದವರ ಬಾಯಿಗೆ ಮೈಕ್ ಹಿಡಿದು, ಮಾತು ಜಾರಿದರೆ ದಂಡ ಹಾಕುವುದು ನ್ಯಾಯವೇ? ಆ ಉದ್ವೇಗವನ್ನು ಬೆನ್ ಸುಲಾಯೆಮ್‌ಗಿಂತ ಚೆನ್ನಾಗಿ ಬಲ್ಲವರಾರು? ಚಾಲಕರು ಒಗ್ಗಟ್ಟಾಗಿ ಪ್ರತಿಭಟಿಸಿದ ಮೇಲೆ, ಮೇ ತಿಂಗಳಲ್ಲಿ ಇಂಥ ಮಾತಿಗೆ ನಿಯಮದಲ್ಲಿದ್ದ ಮೂಲ ಗರಿಷ್ಠ ದಂಡ ಅರ್ಧಕ್ಕಿಳಿಯಿತು.

ಅದೇ ವರ್ಷದ ಡಿಸೆಂಬರ್‌ನಲ್ಲಿ ಬೆನ್ ಸುಲಾಯೆಮ್ ಮರು ಆಯ್ಕೆಯಾದರು, ಅವಿರೋಧವಾಗಿ. ಸ್ಪರ್ಧಿಸಬಯಸಿದವರನ್ನು ನಿಯಮಗಳೇ ಹೊರಗಿಟ್ಟವು. ಮರಳುಗಾಡಿನಲ್ಲಿ ಎದುರಾಳಿಗಳನ್ನು ಸೋಲಿಸಿಯೇ ದೊಡ್ಡವರಾದ ವ್ಯಕ್ತಿಗೆ ಇಂಥ ಗೆಲುವು ಒಪ್ಪುವುದಿಲ್ಲ. ಆ ನಿಯಮಗಳನ್ನು ಅವರೇ ಮುಂದೆ ನಿಂತು ಸಡಿಲಿಸಲಿ.