ಮಾವನವರ ಕೈಬರಹ

ನನ್ನ ಸೋದರಮಾವನವರು ಮೂವತ್ತು ವರ್ಷಗಳಿಗೂ ಮಿಗಿಲಾಗಿ ಉಪಾಧ್ಯಾಯ ವೃತ್ತಿಯಲ್ಲಿದ್ದವರು. ಅವರ ಅಕ್ಷರ ಮುತ್ತು ಪೋಣಿಸಿದಂತೆ ಎಂಬ ಮಾತು ನಮ್ಮ ಬಳಗದಲ್ಲೆಲ್ಲ ಪ್ರಸಿದ್ಧ. ಲಗ್ನಪತ್ರಿಕೆಯ ಕರಡನ್ನು ಅವರ ಕೈಯಿಂದಲೇ ಬರೆಸುವುದು ವಾಡಿಕೆ. ಮೂರು ವರ್ಷಗಳ ಹಿಂದೆ ಅವರಿಂದ ಬಂದ ಕಾಗದವೊಂದನ್ನು ಬಿಡಿಸಿದಾಗ ಒತ್ತಕ್ಷರಗಳು ಸಾಲು ತಪ್ಪಿ ಜಾರಿದ್ದವು. ಕೊಂಬುಗಳು ಎತ್ತೆತ್ತಲೋ ಹೊರಟಿದ್ದವು. ಹಸ್ತಪ್ರತಿಗಳನ್ನು ಓದುವುದೇ ಕಸುಬಾದ ನಾನು ಅದನ್ನು ಹೇಗೋ ಓದಿ ಮುಗಿಸಿದೆನೇ ಹೊರತು, ಅಕ್ಷರ ಏಕೆ ಕೆಟ್ಟಿತೆಂದು ಕೇಳಲಿಲ್ಲ. ವಯಸ್ಸಾಯಿತು ಎಂದುಕೊಂಡೆ.

ಬಳಿಕ ಒಂದೊಂದಾಗಿ ಸುದ್ದಿಗಳು ಬಂದವು. ಅಂಗಿಯ ಗುಂಡಿ ಹಾಕಿಕೊಳ್ಳಲು ಕಾಲು ಗಂಟೆ ಹಿಡಿಯುತ್ತದೆ. ಸಾರನ್ನವನ್ನು ಕಲಸಿದರೆ ತುತ್ತು ಬೆರಳುಗಳ ನಡುವೆ ಜಾರುತ್ತದೆ. ಕಾಲಿನ ಚಪ್ಪಲಿ ಕಳಚಿ ಹಿಂದೆ ಉಳಿದರೂ ಅವರಿಗೆ ಅರಿವಾಗುವುದಿಲ್ಲ. ಬೆರಳು ಜೋಮು ಹಿಡಿಯುವುದನ್ನು ಕೇಳಿದ ವೈದ್ಯರೊಬ್ಬರು ಮಣಿಕಟ್ಟಿನಲ್ಲಿ ನರ ಒತ್ತಿದೆ ಎಂದು ಪಟ್ಟಿ ಕಟ್ಟಿಸಿದರು. ಕಾಲಿನ ವಿಚಾರವನ್ನು ಅವರು ಕೇಳಲಿಲ್ಲ, ಮಾವನವರು ಹೇಳಲಿಲ್ಲ. ಕೈಗೂ ಕಾಲಿಗೂ ಏನು ಸಂಬಂಧ? ಹಾಗೆ ಒಂದು ವರ್ಷ ಸಂದಿತು.

ಸಂಬಂಧವಿರುವುದು ಕುತ್ತಿಗೆಯಲ್ಲಿ. ಮೆದುಳಿನಿಂದ ಇಳಿದು ಬರುವ ಬೆನ್ನುಹುರಿ ಕುತ್ತಿಗೆಯ ಏಳು ಮಣಿಗಳ ಒಳಗಿನ ನಾಳದಲ್ಲಿ ಹಾದುಹೋಗುತ್ತದೆ. ಆ ನಾಳದ ಹಿಂದುಮುಂದಿನ ಅಗಲ ಸಾಮಾನ್ಯವಾಗಿ ೧೭ ಮಿಲಿಮೀಟರಿನಷ್ಟು. ೧೩ಕ್ಕಿಂತ ಕಡಮೆಯಾದರೆ ಇಕ್ಕಟ್ಟೆಂದೇ ಲೆಕ್ಕ. ವಯಸ್ಸು ಕಳೆದಂತೆ ಮಣಿಗಳ ನಡುವಣ ಮೆತ್ತೆಗಳು ಸವೆದು ಉಬ್ಬುತ್ತವೆ, ಅಂಚಿನಲ್ಲಿ ಎಲುಬು ಮೊಳೆಯುತ್ತದೆ, ಹಿಂಬದಿಯ ಬಂಧನಿಗಳು ದಪ್ಪಗಾಗುತ್ತವೆ. ನಡುವೆ ಸಿಕ್ಕಿದ ಹುರಿ ನಲುಗುತ್ತದೆ. ಕಾಲಿಗೆ ಹೋಗುವ ಆಜ್ಞೆಗಳೂ ಅದೇ ದಾರಿಯಲ್ಲಿ ಇಳಿಯಬೇಕಾದುದರಿಂದ, ಕೈಯ ಜೊತೆಗೆ ನಡಿಗೆಯೂ ಕೆಡುತ್ತದೆ. ಸವೆದ ಕುತ್ತಿಗೆಯ ಈ ಪೀಡೆಯನ್ನು ೧೯೫೨ರಲ್ಲಿ ವಿಸ್ತಾರವಾಗಿ ವರ್ಣಿಸಿದ ಇಂಗ್ಲೆಂಡಿನ ವೈದ್ಯರಲ್ಲಿ ಮುಖ್ಯರಾದವರು ರಸೆಲ್ ಬ್ರೇನ್. ನರಶಾಸ್ತ್ರಜ್ಞನಿಗೆ ಮೆದುಳೆಂಬುದೇ ಹೆಸರಾದದ್ದು ಸೋಜಿಗವಷ್ಟೆ!

ವಾಚಕರು ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಮಾವನವರಿಗೆ ಕುತ್ತಿಗೆ ನೋವೇ ಇರಲಿಲ್ಲ. ನೋವಿದ್ದರೆ ನಮ್ಮ ಮನೆಗಳಲ್ಲಿ ತೈಲವೂ ಕಾವೂ ಕೂಡಲೇ ಸಿದ್ಧವಾಗುತ್ತವೆ. ನೋವಿಲ್ಲದ ರೋಗಕ್ಕೆ ಮರ್ಯಾದೆ ಕಡಮೆ. ಈ ವ್ಯಾಧಿಯಾದರೋ ಅನೇಕರಲ್ಲಿ ಸದ್ದಿಲ್ಲದೆಯೇ ಬರುತ್ತದೆ. ಸೂಜಿಗೆ ದಾರ ಪೋಣಿಸುವುದು, ಹೂ ಕಟ್ಟುವುದು, ಬೀಗದ ಕೈ ತಿರುಗಿಸುವುದು, ನಾಣ್ಯ ಎಣಿಸುವುದು ದಿನದಿನಕ್ಕೆ ಕಷ್ಟವಾದರೆ, ಕತ್ತಲಲ್ಲಿ ಗೋಡೆ ಹಿಡಿಯದೆ ನಡೆಯಲಾಗದಿದ್ದರೆ, ಕಾಲುಗಳು ಬಿಗಿದುಕೊಂಡು ಮೆಟ್ಟಿಲಿಳಿಯಲು ಅಂಜಿಕೆಯಾದರೆ, ಮೂತ್ರವನ್ನು ತಡೆಯಲಾಗದೆ ಅವಸರಪಡಬೇಕಾದರೆ, ಅದನ್ನೆಲ್ಲ ಮುಪ್ಪಿನ ಖಾತೆಗೆ ಬರೆಯಬಾರದು. ಮೂತ್ರದ ತೊಂದರೆಯನ್ನು ಹಿರಿಯರು ಸಂಕೋಚದಿಂದ ಬಚ್ಚಿಡುತ್ತಾರೆ, ಕೇಳಿಯೇ ತಿಳಿಯಬೇಕು.

ಮಾವನವರ ವಿಷಯದಲ್ಲಿ ಗುಟ್ಟು ಬಯಲಾದದ್ದು ಒಂದು ಗೃಹಪ್ರವೇಶದಲ್ಲಿ. ದೇವರಿಗೆ ತಲೆ ಬಾಗಿಸಿದೊಡನೆ ಹೆಡಕಿನಿಂದ ಅಂಗಾಲಿನವರೆಗೆ ವಿದ್ಯುತ್ತು ಹರಿದಂತಾಯಿತೆಂದು ಅವರು ಬೆಚ್ಚಿ ನಿಂತರು. ಅಲ್ಲಿಗೆ ಬಂದಿದ್ದ ನರರೋಗ ತಜ್ಞರೊಬ್ಬರು ಮೂಲೆಗೆ ಕರೆದು ಕೂರಿಸಿ, ಮುಷ್ಟಿಯನ್ನು ಬೇಗಬೇಗ ಮುಚ್ಚಿ ಬಿಚ್ಚಿರೆಂದರು. ಸ್ವಸ್ಥರು ಹತ್ತು ಸೆಕೆಂಡಿನಲ್ಲಿ ಇಪ್ಪತ್ತು ಸಲವಾದರೂ ಮಾಡುತ್ತಾರಂತೆ. ಮಾವನವರು ಹನ್ನೊಂದಕ್ಕೆ ಸೋತರು. ಈ ರೋಗದಿಂದ ಕೆಡುವ ಕೈಯ ಲಕ್ಷಣಗಳನ್ನು ೧೯೮೭ರಲ್ಲಿ ಜಪಾನಿನ ವೈದ್ಯರು ವಿವರಿಸಿದರೆಂದೂ, ಈ ಎಣಿಕೆ ಅವರದೇ ಎಂದೂ ಆಮೇಲೆ ತಿಳಿದೆ. ನಡುಬೆರಳಿನ ಉಗುರನ್ನು ಚಿಮ್ಮಿದರೆ ಹೆಬ್ಬೆರಳು ತಾನಾಗಿ ಮಡಿಯಿತು. ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನೇರವಾಗಿ ನಡೆಯಿರೆಂದರೆ ಓಲಾಡಿದರು. ಮರುವಾರದ ಎಂ.ಆರ್.ಐ. ಚಿತ್ರದಲ್ಲಿ ಹುರಿ ಎರಡು ಕಡೆ ಅಪ್ಪಚ್ಚಿಯಾಗಿತ್ತು. ಮಣಿಕಟ್ಟಿನ ಪಟ್ಟಿ ಅಂದೇ ಕಸದ ಬುಟ್ಟಿ ಸೇರಿತು.

ಇಂಥ ಲಕ್ಷಣಗಳೆಲ್ಲವೂ ಕುತ್ತಿಗೆಯಿಂದಲೇ ಎಂದು ಗಾಬರಿಯಾಗಬೇಕಿಲ್ಲ. ಬಿ-೧೨ ಜೀವಸತ್ವದ ಕೊರತೆಯೂ ಜೋಮನ್ನೂ ನಡಿಗೆಯ ತಡವರಿಕೆಯನ್ನೂ ತರಬಲ್ಲದು. ಅದು ಸಸ್ಯಾಹಾರಿಗಳಾದ ನಮ್ಮಂಥವರಲ್ಲಿ ಅಪರೂಪವಲ್ಲ, ರಕ್ತಪರೀಕ್ಷೆಯಿಂದ ತಿಳಿಯುತ್ತದೆ. ಆದರೆ ನಿರ್ಣಯವಾಗುವವರೆಗೆ ಕ್ಷೌರದಂಗಡಿಯಲ್ಲಿ ಕುತ್ತಿಗೆಯನ್ನು ತಿರುಚಿ ನೆಟಿಕೆ ತೆಗೆಸಿಕೊಳ್ಳುವ ಸುಖವನ್ನು ಮಾತ್ರ ಬಿಟ್ಟುಬಿಡಬೇಕು. ಇಕ್ಕಟ್ಟಾದ ಹುರಿಗೆ ಒಂದು ಎಳೆತ, ಒಂದು ಜಾರುವಿಕೆ ಸಾಕು, ಕೈಕಾಲುಗಳ ಬಲವೇ ಹೋಗಬಹುದು. ಹಾಗೆ ಹಠಾತ್ತನೆ ಬಲ ಕುಂದಿದರೆ ಅಥವಾ ಮೂತ್ರ ಕಟ್ಟಿದರೆ ಅಂದೇ ಆಸ್ಪತ್ರೆಗೆ ಒಯ್ಯಬೇಕು.

ಶಸ್ತ್ರಚಿಕಿತ್ಸೆಯ ಮುನ್ನ ಸರ್ಜನರು ಮುಚ್ಚುಮರೆಯಿಲ್ಲದೆ ಹೇಳಿದ್ದರು: ಒತ್ತಡವನ್ನು ತೆಗೆಯುವುದು ರೋಗ ಮುಂದುವರಿಯದಿರಲೆಂದು, ಕಳೆದುಹೋದದ್ದರಲ್ಲಿ ಎಷ್ಟು ಮರಳುತ್ತದೆಂಬುದು ಎಷ್ಟು ಬೇಗ ಬಂದಿರೆಂಬುದರ ಮೇಲೂ ನಿಂತಿದೆ. ಆ ಒಂದು ವರ್ಷವನ್ನು ನೆನೆದು ನಾನು ತಲೆ ತಗ್ಗಿಸಿದೆ. ಮಾವನವರು ಈಗ ಕೋಲಿಲ್ಲದೆ ಬೀದಿಯ ತುದಿಯವರೆಗೆ ನಡೆದು ಬರುತ್ತಾರೆ. ಗುಂಡಿಗಳನ್ನು ತಾವೇ ಹಾಕಿಕೊಳ್ಳುತ್ತಾರೆ, ಕೊರಳ ಬಳಿಯದೊಂದನ್ನು ಮಾತ್ರ ಅತ್ತೆ ಹಾಕಬೇಕು. ಕಳೆದ ತಿಂಗಳು ನನ್ನ ತಂಗಿಯ ಮಗಳ ಲಗ್ನಪತ್ರಿಕೆಯ ಕರಡನ್ನು ಅವರು ಬಾಯಲ್ಲಿ ಹೇಳಿದರು, ನಾನು ಬರೆದುಕೊಂಡೆ.